ಹಳೆಯ ವಿಡಿಯೊ ಕಾರ್ಡ್‌ಗಳನ್ನು ಗುಜರಿಗೆ ಕೊಡಬೇಡಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಕಲಬುರಗಿಯ ಸ್ಟೇಷನ್ ಬಜಾರ್ ಭಾಗದಲ್ಲಿ ಬಹಳ ವರ್ಷ ನಡೆದ ವಿಡಿಯೊ ಸ್ಟುಡಿಯೊ ಒಂದು ಮುಚ್ಚಿತು. ಮದುವೆ ಕ್ಯಾಸೆಟ್‌ಗಳ ಮಿಕ್ಸಿಂಗ್‌ಗೆ ಅಲ್ಲಿ ಬಳಸುತ್ತಿದ್ದ ಮೂರು ಹಳೆಯ ಕಂಪ್ಯೂಟರ್‌ಗಳನ್ನು ಮನೆಯವರು ತೂಕದ ಲೆಕ್ಕದಲ್ಲಿ ಗುಜರಿಗೆ ಕೊಟ್ಟರು. ಸುದ್ದಿ ತಿಳಿದು ನಾನು ಗುಜರಿ ಅಂಗಡಿ ಮುಟ್ಟುವಷ್ಟರಲ್ಲಿ, ಅವುಗಳೊಳಗಿದ್ದ, ಕ್ಯಾಸೆಟ್ಟಿನ ಚಿತ್ರವನ್ನು ಕಂಪ್ಯೂಟರಿನೊಳಗೆ ತರುವ ಕ್ಯಾಪ್ಚರ್ ಕಾರ್ಡ್‌ಗಳ ಚಿನ್ನದ ಲೇಪದ ಅಂಚನ್ನು ಕತ್ತರಿಸಿ ಬೇರೆ ಚೀಲಕ್ಕೆ ತುಂಬಿಯಾಗಿತ್ತು. ಅಂಚು ಹೋದ ಕಾರ್ಡನ್ನು ಮತ್ತೆ ಸ್ಲಾಟಿಗೆ ಕೂಡಿಸಲು ಬರುವುದಿಲ್ಲ. ಬೀದರ್, ಯಾದಗಿರಿಗಳಲ್ಲಿಯೂ ಇಂಥದ್ದೇ ನಡೆಯುತ್ತಿದೆ ಎಂದು ವೃತ್ತಿಯ ಗೆಳೆಯರಿಂದ ಕೇಳುತ್ತಿದ್ದೇನೆ. ಈ ಕಾರ್ಡ್‌ಗಳು ಏನು ಮಾಡುತ್ತಿದ್ದವು, ಈಗಲೂ ಏನು ಮಾಡಬಲ್ಲವು ಎಂಬುದು ಗೊತ್ತಿಲ್ಲದ ಕಾರಣಕ್ಕೇ ಅವು ಹಾಳಾಗುತ್ತಿವೆ ಎಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ.

1992ರಿಂದ 2009ರವರೆಗೆ ಸೂಪರ್ ಮಾರ್ಕೆಟ್ ಹತ್ತಿರ ಸಣ್ಣದೊಂದು ಮಿಕ್ಸಿಂಗ್ ಅಂಗಡಿ ನಡೆಸಿದವನು ನಾನು. ಮೊದಲ ವರ್ಷ ಎರಡು ವಿಸಿಆರ್ ಮತ್ತು ಒಂದು ಮಿಕ್ಸರ್ ಇಟ್ಟುಕೊಂಡು, ಹೆಸರುಗಳನ್ನು ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಬರೆಸಿ, ಅದನ್ನೇ ಕ್ಯಾಮೆರಾದಲ್ಲಿ ಹಿಡಿದು ತೋರಿಸುತ್ತಿದ್ದೆ. 1993ರಲ್ಲಿ ದುಬೈನಲ್ಲಿ ದುಡಿಯುತ್ತಿದ್ದ ನಮ್ಮ ಓಣಿಯ ಗೆಳೆಯರೊಬ್ಬರು ಊರಿಗೆ ಮರಳುವಾಗ ಕಮೊಡೋರ್ ಕಂಪನಿಯ ಅಮಿಗಾ 2000 ಕಂಪ್ಯೂಟರನ್ನು ತಂದರು. ಅದರ ವಿಡಿಯೊ ಸ್ಲಾಟಿನಲ್ಲಿ ಜೆನ್‌ಲಾಕ್ ಕಾರ್ಡ್ ಒಂದಿತ್ತು. ಆ ಯಂತ್ರ ಇಂದಿಗೂ ನನ್ನ ಮನೆಯಲ್ಲಿ ಕೆಲಸ ಮಾಡುತ್ತದೆ.

ಜೆನ್‌ಲಾಕ್ ಎಂದರೇನು ಎಂದು ಇಂದಿನ ಹುಡುಗರಿಗೆ ಹೇಳಿದರೆ ಅಚ್ಚರಿಪಡುತ್ತಾರೆ. ಟಿವಿಯ ಚಿತ್ರ ಗೆರೆಗೆರೆಯಾಗಿ ಮೂಡುವಂಥದ್ದು; ನಮ್ಮ ದೇಶದ ಟಿವಿಯ ಪಾಲ್ ಪದ್ಧತಿಯಲ್ಲಿ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು, ಒಂದೊಂದು ಗೆರೆಗೆ 64 ಮೈಕ್ರೋಸೆಕೆಂಡ್. ಕ್ಯಾಮೆರಾದಿಂದ ಬರುವ ಚಿತ್ರ ಮತ್ತು ಕಂಪ್ಯೂಟರಿನಿಂದ ಬರುವ ಅಕ್ಷರ ಒಂದೇ ಪರದೆಯ ಮೇಲೆ ನಿಲ್ಲಬೇಕಾದರೆ ಎರಡೂ ಒಂದೇ ಗಳಿಗೆಗೆ ಒಂದೇ ಗೆರೆಯನ್ನು ಬರೆಯುತ್ತಿರಬೇಕು, ಇಲ್ಲವಾದರೆ ಅಕ್ಷರಗಳು ಜಾರಿಹೋಗುತ್ತವೆ. ಆ ಕಾಲದ ಆಫೀಸಿನ ಕಂಪ್ಯೂಟರ್‌ಗಳಿಗೆ ಟಿವಿಯ ತಾಳ ಗೊತ್ತಿರಲಿಲ್ಲ. ಅಮಿಗಾ ಹುಟ್ಟಿದ್ದೇ ಟಿವಿಯ ತಾಳಕ್ಕೆ: ಪಾಲ್ ಮಾದರಿಯಲ್ಲಿ ಅದರ ಪ್ರೊಸೆಸರ್ ಓಡುವ 7.09 ಮೆಗಾಹರ್ಟ್ಸ್ ವೇಗವು, ಪಾಲ್ ಬಣ್ಣದ ಸಂಕೇತವಾದ 4.43 ಮೆಗಾಹರ್ಟ್ಸ್‌ನ 1.6 ಪಟ್ಟು. ಇಷ್ಟೇ ಅಲ್ಲದೆ, ಹೊರಗಿನಿಂದ ಬಂದ ಗಡಿಯಾರವನ್ನು, ಅಂದರೆ ತಾಳ ಕೊಡುವ ಮಿಡಿತವನ್ನು, ತನ್ನದೆಂದು ಒಪ್ಪಿಕೊಳ್ಳುವ ದಾರಿಯನ್ನೂ ಅದಕ್ಕೆ ಇಟ್ಟಿದ್ದರು. ಜೆನ್‌ಲಾಕ್ ಕಾರ್ಡ್ ಕ್ಯಾಸೆಟ್ಟಿನಿಂದ ಬರುವ ಸಂಕೇತವನ್ನು ನೋಡಿ, ಅದರ ತಾಳಕ್ಕೆ ತಕ್ಕಂತೆ ಗಡಿಯಾರವನ್ನು ತಯಾರಿಸಿ ಕಂಪ್ಯೂಟರಿಗೇ ಕೊಡುತ್ತಿತ್ತು. ಆಗ ಇಡೀ ಕಂಪ್ಯೂಟರ್ ಕ್ಯಾಸೆಟ್ಟಿನ ಹಿಂದೆ ಹೆಜ್ಜೆ ಹಾಕುತ್ತಿತ್ತು. ಕಂಪ್ಯೂಟರಿನ ಬಣ್ಣಗಳ ಪಟ್ಟಿಯ ಸೊನ್ನೆ ಸಂಖ್ಯೆಯ ಬಣ್ಣ ಪರದೆಯ ಮೇಲೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಮದುವೆಯ ದೃಶ್ಯ ಕಾಣುತ್ತಿತ್ತು, ಉಳಿದೆಡೆ ನಾವು ಬರೆದದ್ದು.

ಅದರಲ್ಲಿ ಕನ್ನಡದ ಅಕ್ಷರಗಳಿರಲಿಲ್ಲ. ಡಿಲಕ್ಸ್ ಪೇಂಟ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಮೌಸ್ ಹಿಡಿದು ಒಂದೊಂದೇ ಅಕ್ಷರವನ್ನು, ಕಾಗುಣಿತ ಒತ್ತಕ್ಷರ ಸಮೇತ, ಬರೆದು ಫ್ಲಾಪಿಯಲ್ಲಿ ಇಟ್ಟುಕೊಂಡೆ. ‘ಶ್ರೀ ಶರಣಬಸವೇಶ್ವರ ಪ್ರಸನ್ನ’ ಎಂಬ ಒಂದು ಸಾಲಿಗೆ ಎರಡು ರಾತ್ರಿ ಹಿಡಿಯಿತು. ಅದು ಮೊದಲ ಸಲ ಟಿವಿಯಲ್ಲಿ ಅಲುಗದೆ ನಿಂತಾಗ ಆದ ಸಂತೋಷ ಇನ್ನೂ ನೆನಪಿದೆ.

ಅದೇ ಯಂತ್ರಕ್ಕೆ ಅಮೆರಿಕದಲ್ಲಿ ಇನ್ನೂ ದೊಡ್ಡ ಕಾರ್ಡ್ ಬಂದಿತ್ತು. ಕಾನ್ಸಾಸ್ ರಾಜ್ಯದ ಟೊಪೀಕಾ ಊರಿನ ನ್ಯೂಟೆಕ್ ಕಂಪನಿ 1990ರಲ್ಲಿ ಮಾರುಕಟ್ಟೆಗೆ ತಂದ ವಿಡಿಯೊ ಟೋಸ್ಟರ್ ಎಂಬ ಆ ಕಾರ್ಡ್, ನಾಲ್ಕು ಕಡೆಯಿಂದ ಬರುವ ವಿಡಿಯೊವನ್ನು ಬದಲಾಯಿಸುವುದು, ಒಂದರೊಳಗೊಂದು ಕರಗಿಸುವುದು, ಅಕ್ಷರ ಮೂಡಿಸುವುದು, ಮೂರು ಆಯಾಮದ ಚಿತ್ರ ರಚಿಸುವುದು, ಇವೆಲ್ಲವನ್ನೂ 1,595 ಡಾಲರಿಗೆ ಒಂದೇ ಹಲಗೆಯಲ್ಲಿ ಕೊಟ್ಟಿತು. ಟಿವಿ ಕೇಂದ್ರಗಳು ಲಕ್ಷಗಟ್ಟಲೆ ಸುರಿದು ಕೊಳ್ಳುತ್ತಿದ್ದ ಸಲಕರಣೆಗಳ ಕೆಲಸ ಮನೆಯ ಕಂಪ್ಯೂಟರಿಗೆ ಬಂದದ್ದು ಹೀಗೆ. ಆದರೆ ಅದು ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಗೆ ಮಾತ್ರ ಕಟ್ಟಿದ್ದ ಕಾರ್ಡ್. 525 ಗೆರೆಗಳ ಆ ಲೆಕ್ಕ ನಮ್ಮ ಪಾಲ್ ಟಿವಿಗೆ ಹೊಂದುತ್ತಿರಲಿಲ್ಲ. ಕಮೊಡೋರ್ ಕಂಪನಿಯೂ 1994ರ ಏಪ್ರಿಲ್‌ನಲ್ಲಿ ಮುಳುಗಿತು. ನಮ್ಮಂಥವರು ಬೇರೆ ದಾರಿ ಹುಡುಕಬೇಕಾಯಿತು.

ಆ ದಾರಿ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಗೂ ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರಿಗೂ ಹೋಗುತ್ತಿತ್ತು. ತೊಂಬತ್ತರ ದಶಕದ ಕೊನೆಗೆ ಪೆಂಟಿಯಂ ಕಂಪ್ಯೂಟರಿನಲ್ಲಿ ಹೆಚ್ಚಿನ ಕಾರ್ಡ್ ಕೂಡಿಸಲು ಇರುವ ಪಿಸಿಐ ಸ್ಲಾಟಿಗೆ ಹಾಕುವ, ಮೀರೊ ಕಂಪನಿಯ ಡಿಸಿ30 ಕ್ಯಾಪ್ಚರ್ ಕಾರ್ಡನ್ನು ಅಲ್ಲಿಂದಲೇ ತಂದೆ. ಪಾಲ್ ವಿಡಿಯೊವನ್ನು ಹಿಂಡದೆ, ಅಂದರೆ ಗಾತ್ರ ಕುಗ್ಗಿಸದೆ, ಹಾಗೆಯೇ ಡಿಸ್ಕಿಗೆ ಬರೆಯಲು ಸೆಕೆಂಡಿಗೆ ಸುಮಾರು 20 ಎಂಬಿ ಬೇಕು, ಆಗಿನ ಡಿಸ್ಕ್‌ಗಳಿಂದ ಅದು ಆಗುವ ಮಾತಲ್ಲ. ಹಾಗಾಗಿ ಕಾರ್ಡಿನ ಮೇಲಿನ ಚಿಪ್ಪೇ ಪ್ರತಿ ಚಿತ್ರವನ್ನೂ ಜೆಪೆಗ್ ಆಗಿ ಹಿಂಡಿ ಕೊಡುತ್ತಿತ್ತು. ಆದರೂ ವಿಡಿಯೊ ತುಂಬಿಡುವ ಆ ಕಾಲದ ಎವಿಐ ಕಡತ 2 ಜಿಬಿ ಮೀರುವಂತಿರಲಿಲ್ಲ. ಸೆಕೆಂಡಿಗೆ 3 ಎಂಬಿ ಹಿಡಿದರೂ ಹನ್ನೊಂದು ನಿಮಿಷಕ್ಕೆ ಕಡತ ತುಂಬುತ್ತಿತ್ತು, ಮೂರು ತಾಸಿನ ಕ್ಯಾಸೆಟ್ಟನ್ನು ತುಂಡು ತುಂಡಾಗಿ ಒಳಗೆ ತರಬೇಕಾಗುತ್ತಿತ್ತು. ಮುಂದೆ ಮ್ಯಾಟ್ರಾಕ್ಸ್, ಕ್ಯಾನೊಪಸ್ ಕಂಪನಿಗಳ ಕಾರ್ಡ್‌ಗಳು ಬಂದು ಕೆಲಸ ಹಗುರವಾಯಿತು. ಗುಜರಿಯವರು ಕತ್ತರಿಸಿದ್ದು ಇಂಥ ಕಾರ್ಡ್‌ಗಳನ್ನೇ.

ಈಗ ಇವುಗಳಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಒಂದು ಪ್ರಸಂಗ ಹೇಳುತ್ತೇನೆ. ಆಳಂದ ತಾಲ್ಲೂಕಿನ ತಾಯಿಯೊಬ್ಬರು ಕಳೆದ ಶ್ರಾವಣದಲ್ಲಿ ನನ್ನಲ್ಲಿಗೆ ವಿಎಚ್‌ಎಸ್ ಕ್ಯಾಸೆಟ್ ಒಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. ಅವರ ತಂದೆ ತತ್ವಪದ ಹಾಡುತ್ತಿದ್ದವರು; 1996ರಲ್ಲಿ ಊರಿನ ಮಠದಲ್ಲಿ ಇಡೀ ರಾತ್ರಿ ನಡೆದ ಭಜನೆಯನ್ನು ಯಾರೋ ಶೂಟಿಂಗ್ ಮಾಡಿದ್ದರು, ಅದರ ಹೊರತು ಆ ಹಿರಿಯರ ದನಿ ಬೇರೆಲ್ಲೂ ಉಳಿದಿಲ್ಲ. ಮಗ ಯುಎಸ್‌ಬಿಗೆ ಹಾಕುವ ಅಗ್ಗದ ಸಾಧನವೊಂದನ್ನು ತರಿಸಿ ಪ್ರಯತ್ನಿಸಿದ್ದ. ಕ್ಯಾಸೆಟ್ ಹಿಗ್ಗಿದ್ದರಿಂದ ಗೆರೆಗಳ ತಾಳ ತಪ್ಪಿದಾಗಲೆಲ್ಲ ಆ ಸಾಧನ ಚಿತ್ರವನ್ನು ಕೈಬಿಡುತ್ತಿತ್ತು, ದನಿ ಮಾತ್ರ ಮುಂದೆ ಓಡುತ್ತಿತ್ತು. ಅರ್ಧ ತಾಸಾಗುವಷ್ಟರಲ್ಲಿ ತುಟಿಗೂ ಪದಕ್ಕೂ ಸಂಬಂಧವೇ ಉಳಿದಿರಲಿಲ್ಲ. ನನ್ನ ಹಳೆಯ ಪೆಂಟಿಯಂನಲ್ಲಿ ಟೈಮ್ ಬೇಸ್ ಕರೆಕ್ಟರ್ ಎಂಬ ಸಾಧನದ ಮೂಲಕ ಗೆರೆಗಳನ್ನು ಸರಿಪಡಿಸಿ ಡಿಸಿ30ಗೆ ಕೊಟ್ಟೆ. ಈ ಕಾರ್ಡಿನಲ್ಲಿ ದನಿಯ ಪ್ರವೇಶವೂ ಕಾರ್ಡಿನ ಮೇಲೆಯೇ ಇರುವುದರಿಂದ ಚಿತ್ರ ಮತ್ತು ದನಿ ಒಂದೇ ಗಡಿಯಾರಕ್ಕೆ ನಡೆಯುತ್ತವೆ. ತುಂಡು ತುಂಡಾಗಿ ಕ್ಯಾಸೆಟ್ಟಿನಲ್ಲಿದ್ದಷ್ಟೂ ಭಜನೆ ಒಳಗೆ ಬಂತು. ಆ ತಾಯಿ ಕೊನೆಯ ಪದದವರೆಗೂ ಕುಳಿತು ಕೇಳಿದರು.

ಹೊಸ ಸಾಧನಗಳೆಲ್ಲ ಕೆಟ್ಟವು ಎಂದು ನಾನು ಹೇಳುವುದಿಲ್ಲ. ಆದರೆ ಕ್ಯಾಸೆಟ್ ಓಡುತ್ತಿದ್ದ ಕಾಲದಲ್ಲಿ ಕ್ಯಾಸೆಟ್ಟಿಗಾಗಿಯೇ ತಯಾರಾದ ಕಾರ್ಡ್‌ಗಳು ಅದರ ಗುಣದೋಷಗಳನ್ನು ಬಲ್ಲವು. ಬೇರೆ ದೇಶಗಳಲ್ಲಿ ಹಳೆಯ ಕ್ಯಾಸೆಟ್ ಉಳಿಸುವ ಹವ್ಯಾಸಿಗಳು ಇಂದಿಗೂ ವಿಂಡೋಸ್ ಎಕ್ಸ್‌ಪಿ ಇರುವ ಕಂಪ್ಯೂಟರಿನಲ್ಲಿ ಎಟಿಐ ಕಂಪನಿಯ ಆಲ್-ಇನ್-ವಂಡರ್ ಕಾರ್ಡ್ ಹಾಕಿ ಈ ಕೆಲಸ ಮಾಡುತ್ತಿರುವುದು ಇದೇ ಕಾರಣಕ್ಕೆ. ಪಾಲ್ ವಿಡಿಯೊದಲ್ಲಿ ಸೆಕೆಂಡಿಗೆ 50 ಅರ್ಧಚಿತ್ರಗಳಿರುತ್ತವೆ. ಅಗ್ಗದ ಸಾಧನಗಳ ತಂತ್ರಾಂಶ ಎಷ್ಟೋ ಸಲ ಅದರಲ್ಲಿ ಅರ್ಧವನ್ನು ಎಸೆದುಬಿಡುತ್ತದೆ, ಪುರವಂತರ ಕುಣಿತದ ಬೀಸು ಮೊಂಡಾಗುತ್ತದೆ. ಇನ್ನೊಂದು ಸಂಗತಿ: ಸ್ಟುಡಿಯೊಗಳ ಹಳೆಯ ಹಾರ್ಡ್ ಡಿಸ್ಕ್‌ಗಳಲ್ಲಿರುವ ಕೆಲಸವನ್ನು ಮತ್ತೆ ತೆರೆಯಲು ಆಯಾ ಕಾರ್ಡಿನ ಕೋಡೆಕ್ (ಹಿಂಡಿದ ವಿಡಿಯೊವನ್ನು ಬಿಡಿಸುವ ತಂತ್ರಾಂಶ), ಕೆಲವೊಮ್ಮೆ ಸ್ಲಾಟಿನಲ್ಲಿ ಕಾರ್ಡೇ, ಬೇಕಾಗುತ್ತದೆ. ಡಿಸ್ಕ್ ಇಟ್ಟುಕೊಂಡು ಕಾರ್ಡ್ ಮಾರುವುದು ಪೆಟ್ಟಿಗೆ ಇಟ್ಟುಕೊಂಡು ಕೀಲಿ ಮಾರಿದಂತೆ.

ಕಾಲವೂ ಹೆಚ್ಚು ಉಳಿದಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯವು ಟೇಪುಗಳಲ್ಲಿರುವುದನ್ನು 2025ರೊಳಗೆ ಉಳಿಸಿಕೊಳ್ಳದಿದ್ದರೆ ಬಹುಪಾಲು ಕಳೆದುಹೋಗುತ್ತದೆ ಎಂದು 2015ರಲ್ಲಿಯೇ ಎಚ್ಚರಿಸಿತ್ತು. ವಿಎಚ್‌ಎಸ್ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಟೇಪೂ ಬೇಗ ಕೆಡುತ್ತದೆ, ಯಂತ್ರವೂ ಬೇಗ ಕೆಡುತ್ತದೆ; ಯಂತ್ರದೊಳಗೆ ವಿದ್ಯುತ್ತನ್ನು ಹಿಡಿದಿಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಷ್ಯ ಪ್ರತಿ 10 ಡಿಗ್ರಿ ಕಾವು ಏರಿದಂತೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ದುರಸ್ತಿಯವರೆಲ್ಲ ಬಲ್ಲ ಲೆಕ್ಕ.

ಹೀಗಾಗಿ, ಮನೆಯಲ್ಲಿ ಇಂಥ ಯಂತ್ರವಿರುವವರಲ್ಲಿ ನನ್ನದೊಂದು ಕೋರಿಕೆ. ವರ್ಷಗಟ್ಟಲೆ ಮೂಲೆಯಲ್ಲಿದ್ದುದನ್ನು ನೇರವಾಗಿ ಕರೆಂಟಿಗೆ ಹಚ್ಚಬೇಡಿ; ಮೊದಲು ಪವರ್ ಸಪ್ಲೈಯನ್ನು ಬೇರೆಯಾಗಿ ಪರೀಕ್ಷಿಸಿರಿ. ಅಮಿಗಾ 2000 ಆಗಿದ್ದರೆ ಮದರ್‌ಬೋರ್ಡಿಗೆ ಬೆಸೆದಿರುವ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಇಂದೇ ಕತ್ತರಿಸಿ ತೆಗೆಯಿರಿ, ಏಕೆಂದರೆ ಅದು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ನನ್ನ ಯಂತ್ರದಲ್ಲಿ ಹಾಗೆ ಹೋದ ಗೆರೆಗಳನ್ನು ತಂತಿಯಿಂದ ಮತ್ತೆ ಕೂಡಿಸಲು ಒಂದು ತಿಂಗಳು ಬೇಕಾಯಿತು. ಹಳೆಯ ಐಡಿಇ ಹಾರ್ಡ್ ಡಿಸ್ಕ್ ಓಡುತ್ತಿರುವಾಗಲೇ ಅದರ ಪ್ರತಿಯನ್ನು ಕಾಂಪ್ಯಾಕ್ಟ್ ಫ್ಲ್ಯಾಶ್ ಮೆಮೊರಿ ಕಾರ್ಡಿಗೆ ಇಳಿಸಿಡಿ. ವಿಡಿಯೊ ಕಾರ್ಡ್, ಅದರ ಡ್ರೈವರ್ ಸಿಡಿ, ಹೊರಗಿನ ಕೇಬಲ್ ಪೆಟ್ಟಿಗೆ, ಇವು ಬೇರೆಬೇರೆಯಾದರೆ ಮೂರೂ ನಿರುಪಯೋಗಿ. ಬಹಳಷ್ಟು ಹಳೆಯ ಪಿಸಿಐ ಕಾರ್ಡ್‌ಗಳು 5 ವೋಲ್ಟಿನ ಸ್ಲಾಟಿಗೆ ಮಾತ್ರ ಹೊಂದುವುದರಿಂದ ಬೇರೆ ಬಗೆಯ ಸ್ಲಾಟಿನಲ್ಲಿ ಒತ್ತಿ ಕೂಡಿಸುವ ಪ್ರಯತ್ನ ಬೇಡ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ವಿಸಿಆರ್‌ಗೆ ಹಾಕಲೇಬಾರದು. ಅದರ ಹೆಡ್ ಕೆಟ್ಟು ಮುಂದಿನ ಕ್ಯಾಸೆಟ್ಟೂ ಹಾಳಾಗುತ್ತದೆ.

ಸರ್ಕಾರಿ ಕಚೇರಿಗಳು ಮತ್ತು ಕಾಲೇಜುಗಳು ಹಳೆಯ ಕಂಪ್ಯೂಟರ್‌ಗಳನ್ನು ಹರಾಜಿಗೆ ಹಾಕುವ ಮುನ್ನ ಒಳಗೆ ವಿಡಿಯೊ ಕಾರ್ಡ್ ಇದೆಯೇ ಎಂದು ಒಮ್ಮೆ ಬಿಚ್ಚಿ ನೋಡುವಂತಾಗಬೇಕು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಇಂಥ ವಸ್ತುಗಳನ್ನು ನೋಂದಾಯಿತರಿಗೇ ಒಪ್ಪಿಸಬೇಕೆನ್ನುತ್ತವೆ, ಅದು ಸರಿಯೇ. ಆದರೆ ಕೆಲಸ ಮಾಡುವ ಕಾರ್ಡ್ ತ್ಯಾಜ್ಯವಲ್ಲ.

ಮುಖ್ಯವಾಗಿ, ಕಲಬುರಗಿಯ ಯಾವುದಾದರೂ ಸಾರ್ವಜನಿಕ ಸಂಸ್ಥೆಯಲ್ಲಿ, ಅದು ಜಿಲ್ಲಾ ಗ್ರಂಥಾಲಯವಾಗಿರಲಿ, 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯವಾಗಿರಲಿ, ಒಂದು ಕೋಣೆ, ಎರಡು ಮೇಜು, ಒಂದು ಯುಪಿಎಸ್ ಇಟ್ಟು, ವಿಎಚ್‌ಎಸ್‌ನಿಂದ ಹಿಡಿದು ಮಿನಿ ಡಿವಿ ಎಂಬ ಸಣ್ಣ ಡಿಜಿಟಲ್ ಕ್ಯಾಸೆಟ್ಟಿನವರೆಗೆ ಎಲ್ಲ ಬಗೆಯ ಕ್ಯಾಸೆಟ್‌ಗಳನ್ನು ಜನರು ತಂದು ಉಳಿಸಿಕೊಳ್ಳುವ ವ್ಯವಸ್ಥೆ ಮಾಡಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇದು ದೊಡ್ಡ ವೆಚ್ಚವೇನಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಎಟಿಎಸ್-6 ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸಿದ ಸೈಟ್ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಂಗಳೂರಿಗಿಂತ ಮೊದಲು ಟಿವಿ ಕಂಡ ನೆಲ ಇದು. ಶರಣಬಸವೇಶ್ವರರ ರಥೋತ್ಸವ, ಬಂದೇ ನವಾಜರ ಉರುಸು, ಹಳ್ಳಿಗಳ ಬಯಲಾಟ, ಈಗಿಲ್ಲದ ಹಿರಿಯರ ಮಾತು, ಇವೆಲ್ಲ ಈ ಭಾಗದ ಮನೆಗಳ ಟ್ರಂಕುಗಳಲ್ಲಿ ಕ್ಯಾಸೆಟ್ಟಾಗಿ ಕುಳಿತಿವೆ.

ಅಂಥ ಕೋಣೆ ಎಲ್ಲಿ ಸಿದ್ಧವಾದರೂ ನನ್ನ ಅಮಿಗಾ, ಜೆನ್‌ಲಾಕ್ ಕಾರ್ಡ್, ಪೆಂಟಿಯಂ ಕಂಪ್ಯೂಟರ್, ಡಿಸಿ30 ಮತ್ತು ಎರಡು ವಿಸಿಆರ್‌ಗಳನ್ನು ಅಲ್ಲಿಗೆ ಕೊಡುತ್ತೇನೆ. ಅವನ್ನು ನಡೆಸುವುದನ್ನು ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಹೇಳಿಕೊಡಲು ವಾರಕ್ಕೆ ಎರಡು ದಿನ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹಳೆಯ ವಿಡಿಯೊ ಮಿಕ್ಸಿಂಗ್ ಕೆಲಸಗಾರ,
ಕಲಬುರಗಿ