ದುಡಿಮೆಯೋ ದುಡ್ಡೋ: ಗೆಳೆಯನಿಗೊಂದು ಪತ್ರ

ದೋಸ್ತ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಸರ್ಕಾರ ಕೈಗೆ ಕೆಲಸ ಕೊಡಬೇಕೋ, ಎಲ್ಲರ ಖಾತೆಗೆ ಸುಮ್ನೆ ದುಡ್ಡು ಹಾಕಬೇಕೋ? ಉತ್ತರ ಇಲ್ಲೇ ಬರೆಯುತ್ತೇನೆ, ನಾಲ್ಕು ಮಂದಿ ಓದಲಿ.

ನಾನು ಕೆಲಸದ ಕಡೆ. ನಮ್ಮ ಇಂಡಿ ಸೀಮೆಯವನಿಗೆ ಬೇರೆ ಹೇಗೆ ಅನಿಸೀತು? ಮಳೆ ಕೈಕೊಟ್ಟ ವರ್ಷ ಓಣಿಗೆ ಓಣಿಯೇ ಗೋವಾ, ಪುಣೆ ಅಂತ ಗುಳೆ ಹೋಗುವುದನ್ನು ನೋಡುತ್ತ ಬೆಳೆದವರು ನಾವು. ಗಡಿಯಾಚೆ ಮಹಾರಾಷ್ಟ್ರದಲ್ಲಿ ಎಪ್ಪತ್ತರ ದಶಕದ ಬರಗಾಲದಲ್ಲೇ ಕೆಲಸ ಕೊಡುವ ಯೋಜನೆ ಶುರುವಾಗಿ, 1977ರಲ್ಲಿ ಕಾನೂನೂ ಆಯಿತು. ದೇಶಕ್ಕೆಲ್ಲ ಅಂಥ ಉದ್ಯೋಗ ಖಾತ್ರಿ ಕಾಯ್ದೆ (ನರೇಗಾ) ಬರಲು 2005 ಆಗಬೇಕಾಯಿತು. ಆ ಕಾಯ್ದೆಯಲ್ಲಿ ಹಳ್ಳಿಯ ಮನೆಯೊಂದಕ್ಕೆ ವರ್ಷಕ್ಕೆ 100 ದಿನ ಕೆಲಸ ಅಂತ ಇತ್ತು. ಕೇಳಿದ 15 ದಿನದೊಳಗೆ ಕೆಲಸ ಸಿಗದಿದ್ದರೆ ಭತ್ಯೆ. ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೂಲಿ! ಹೊಲದಲ್ಲಿ ಈ ಮಾತು ಎತ್ತುವ ಧೈರ್ಯ ಯಾರಿಗಿತ್ತು? ನಮ್ಮೂರ ಹೆಣ್ಣುಮಕ್ಕಳು ಗುಂಪಾಗಿ ಪಂಚಾಯ್ತಿಗೆ ಹೋಗಿ, ಕೆಲಸ ಕೇಳುವ ಅರ್ಜಿ ನಮೂನೆ 6 ತುಂಬಿ ಕೊಟ್ಟು, "ರಸೀದಿ ಕೊಡ್ರಿ" ಅಂತ ನಿಂತರಲ್ಲ, ಅದು ನನಗೆ ಕೆರೆ ಹೂಳೆತ್ತಿದ್ದಕ್ಕಿಂತ ದೊಡ್ಡದು. ಖಾತೆಗೆ ಬೀಳುವ ದುಡ್ಡು ಹಾಗೆ ಯಾರನ್ನೂ ಒಟ್ಟಿಗೆ ನಿಲ್ಲಿಸುವುದಿಲ್ಲ.

ಆದರೆ ಅವ್ವ ಇದ್ದಾಳಲ್ಲ. ಮಂಡಿ ಸವೆದಿದೆ, ಬುಟ್ಟಿ ಹೊರಲಾರಳು. ಆ 100 ದಿನ ಇಟ್ಟುಕೊಂಡು ಅವಳೇನು ಮಾಡಬೇಕಿತ್ತು? ಅವಳ ಕೈಹಿಡಿದದ್ದು ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ. ಅದನ್ನು ಎಲ್ಲರಿಗೂ ಸಿಗುವ ಮೂಲ ಆದಾಯ ಅನ್ನಲಾಗದು. ಮನೆಯ ಯಜಮಾನಿಗೆ ಮಾತ್ರ, ಆದಾಯ ತೆರಿಗೆ ಕಟ್ಟುವ ಮನೆಗೆ ಇಲ್ಲ. ಆದರೂ ಅವ್ವ ಈಗ ಗುಳಿಗೆಗೆ ಯಾರ ಮುಂದೂ ಕೈಚಾಚುವುದಿಲ್ಲ. ಫಿನ್ಲೆಂಡಿನಲ್ಲಿ 2017-18ರಲ್ಲಿ 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೋ ಕೊಟ್ಟು ನೋಡಿದರು, ಷರತ್ತೇ ಇಲ್ಲದೆ. ಕೆಲಸ ಸಿಕ್ಕಿದ ಲೆಕ್ಕ ಅಷ್ಟೇನೂ ಬದಲಾಗಲಿಲ್ಲ, ಮಂದಿಯ ಮನಸ್ಸು ಮಾತ್ರ ಹಗುರಾಯಿತು. ಅವ್ವನನ್ನು ನೋಡಿದ ನನಗೆ ಅದರಲ್ಲಿ ಆಶ್ಚರ್ಯ ಕಾಣಲಿಲ್ಲ.

ಒಂದು ಮಾತು ನಿನಗೂ ಹೇಳಿರಲಿಲ್ಲ. ಪುಣೆಯ ಕಾರ್ಖಾನೆಯಿಂದ ನನ್ನನ್ನು ತೆಗೆದರು. ಊರಿಗೆ ಬಂದ ಮೇಲೆ ಅವ್ವ ಆ ಎರಡು ಸಾವಿರದಲ್ಲೇ ನನ್ನ ಊಟವನ್ನೂ ತೂಗಿಸಿದಳು. ಏನೂ ಕೇಳಲಿಲ್ಲ. ಹೊಟ್ಟೆ ತುಂಬುತ್ತಿತ್ತು. ಆದರೆ ಬೆಳಗಾದರೆ ಹೋಗಲು ಜಾಗ ಇರಲಿಲ್ಲ, ಯಾರಿಗೂ ನಾನು ಬೇಕಿರಲಿಲ್ಲ. ಕಡೆಗೆ ಉದ್ಯೋಗ ಖಾತ್ರಿಯ ಬದು ಹಾಕುವ ಕೆಲಸಕ್ಕೆ ಹೋದೆ. ಕೂಲಿಗಾರರ ಗುಂಪು ನೋಡಿಕೊಳ್ಳುವ ಕಾಯಕ ಬಂಧು ಹಾಜರಿ ಹಿಡಿದು ನನ್ನ ಹೆಸರು ಕೂಗಿದಾಗ ಕಣ್ಣು ತುಂಬಿ ಬಂತು ದೋಸ್ತ. ಡಿಪ್ಲೊಮಾ ಓದಿದವನು ಗುದ್ದಲಿ ಹಿಡಿದ ಅಂತ ಆಡಿಕೊಂಡವರೂ ಇದ್ದರು. ನನಗೆ ಅದು ಕೇಳಿಸಲೇ ಇಲ್ಲ.

ಹಾಗಾಗಿ ಈಗಲೂ ಕೆಲಸದ ಕಡೆಯೇ ಇದ್ದೇನೆ. ಆದರೆ ಅವ್ವನ ಎರಡು ಸಾವಿರ ಕಿತ್ತು ನನಗೆ ಕೆಲಸ ಕೊಡುತ್ತೇವೆ ಅಂದರೆ ಒಪ್ಪುವವನಲ್ಲ.

ಇಷ್ಟೆಲ್ಲ ಬರೆಯುವ ಮನಸ್ಸಿರಲಿಲ್ಲ. ಇರಲಿ. ಎಳ್ಳ ಅಮಾವಾಸ್ಯೆಗೆ ಬರ್ತೀಯ ಅಲ್ವಾ? ಚರಗ ಚೆಲ್ಲಲು ಹೊಲಕ್ಕೆ ಹೋಗೋಣ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಎಲ್ಲ ಇರುತ್ತೆ. ವಿಜಯಪುರಕ್ಕೆ ಬಂದಿಳಿದು ಫೋನ್ ಮಾಡು, ಗಾಡಿ ತರುತ್ತೇನೆ.