ಮೃದಂಗವನ್ನೇ ನಂಬಿ ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿಗೆ,

ಬಿ.ಕಾಂ. ಮುಗಿದ ಮೇಲೆ ಎಲ್ಲೂ ಕೆಲಸಕ್ಕೆ ಸೇರುವುದಿಲ್ಲ, ಮೃದಂಗವನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ ಅಂತ ನೀನು ಹೇಳಿದಾಗ ಅಪ್ಪ 'ಯೋಚನೆ ಮಾಡೋಣ' ಅಂದಿದ್ದರು. ಮಾಡಿದ್ದೇವೆ. ಇಬ್ಬರದೂ ಒಪ್ಪಿಗೆ ಇದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಏನು ಹೇಳುತ್ತಾರೋ ಅಂತ ಹೆದರಿಕೊಂಡು ನೀನು ಕಾಗದ ಓದುವುದು ಬೇಡ.

ನಾನು ಇಷ್ಟು ವರ್ಷ ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕ ಬರೆದವಳು. 'ಕಲೆ ಯಾರನ್ನೂ ಕೈಬಿಡಲ್ಲ' ಅಂತ ಹರಸಿ ಸುಮ್ಮನಾಗುವುದು ನನ್ನಿಂದ ಆಗುವುದಿಲ್ಲ. ನಿನ್ನ ಮಾವ ಭೀಮಸೇನ ಜೋಶಿಯವರ ಕಥೆ ಹೇಳುತ್ತಾನೆ. ಹನ್ನೊಂದನೇ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು, ಮುಂದೆ ಭಾರತ ರತ್ನ ಬಂತು. ನಿಜವೇ. ಆದರೆ ಸಂಗೀತಕ್ಕೆಂದು ಮನೆ ಬಿಟ್ಟ ಉಳಿದ ಹುಡುಗರ ಕಥೆ ಹೇಳುವವರು ಯಾರಿದ್ದಾರೆ? ಅವರಲ್ಲೂ ಒಳ್ಳೆಯ ಕೈ, ಒಳ್ಳೆಯ ಕಂಠ ಇದ್ದವರು ಇದ್ದೇ ಇರುತ್ತಾರೆ. ನನಗೆ ನಿನ್ನದು ದಂತಕಥೆ ಆಗಬೇಕಿಲ್ಲ. ಐವತ್ತರ ವಯಸ್ಸಿನಲ್ಲೂ ನೀನು ಪ್ರತಿದಿನ ಬೆಳಿಗ್ಗೆ ಮೃದಂಗದ ಮುಂದೆ ಕೂರುವಂತಿರಬೇಕು, ಅಷ್ಟೇ.

ಅದಕ್ಕೆ ನಾನು ಹೇಳುವುದು ಒಂದೇ. ಪಕ್ಕವಾದ್ಯದವರ ಬದುಕು ಇನ್ನೊಬ್ಬರ ಫೋನಿಗೆ ಕಾಯುವ ಬದುಕು. ಆ ಫೋನನ್ನೇ ನಂಬಿಕೊಂಡು ಕೂರಬೇಡ. ಯಾರೂ ಕರೆಯದಿದ್ದರೂ ನಡೆಯುವಂಥ ನಿನ್ನದೇ ಕೆಲಸವನ್ನು ಈಗಿನಿಂದಲೇ ಕಟ್ಟಿಕೋ.

ಇದು ನಿನಗೆ ಗೊತ್ತಿಲ್ಲದ್ದಲ್ಲ. ಸಂಗೀತ ಸಭೆಯವರು ಮೊದಲು ಗಾಯಕರನ್ನು ಕರೆಯುತ್ತಾರೆ, ಆಮೇಲೆ ಪಕ್ಕವಾದ್ಯ ಯಾರು ಅನ್ನುವ ಮಾತು. ಹಾಡುವವರಿಗೆ ಒಂದು ಸಂಭಾವನೆ, ನಿನಗೆ ಅದರಲ್ಲೊಂದು ಪಾಲು. ಆದರೆ ಖರ್ಚಿನಲ್ಲಿ ನಿನ್ನದೇ ಮೇಲುಗೈ. ಗಂಡಸರ ತಗ್ಗು ಶ್ರುತಿಗೆ ಒಂದು ಉದ್ದನೆಯ ಮೃದಂಗ, ಹೆಂಗಸರ ಹೆಚ್ಚು ಶ್ರುತಿಗೆ ಇನ್ನೊಂದು. ಬಲ ಮುಚ್ಚಿಗೆಯ (ಬಲಗಡೆಯ ಚರ್ಮದ ಹೊದಿಕೆಯ) ನಡುವಿನ ಕಪ್ಪು ಕರಣೆ ಉದುರತೊಡಗಿದರೆ ಹೊಸದು ಕಟ್ಟಿಸಬೇಕು. ಹಲಸಿನ ಮರದ ಆ ಭಾರ ಹೊತ್ತುಕೊಂಡು ಬಸ್ಸು ಹತ್ತಲಾಗದು, ಆಟೋ ಬೇಕು. ಬಂದ ಸಂಭಾವನೆಯಲ್ಲಿ ಇವೆಲ್ಲ ಕಳೆದು ಉಳಿದದ್ದನ್ನು ಮಾತ್ರ ಆದಾಯ ಅನ್ನು. ಅಂದಹಾಗೆ, ಮುಚ್ಚಿಗೆ ಕಟ್ಟುವವರ ಹತ್ತಿರ ಚೌಕಾಸಿ ಮಾಡಬೇಡ. ಚರ್ಮ ಹದ ಮಾಡಿ, ವಾರು ಎಳೆದು, ಶ್ರುತಿಗೆ ಕೂರಿಸಿಕೊಡುವ ಅವರ ಹೆಸರನ್ನು ವೇದಿಕೆಯ ಮೇಲೆ ಯಾರೂ ಹೇಳುವುದಿಲ್ಲ. ನಿನಗೆ ಅವಕಾಶ ಸಿಕ್ಕಾಗ ನೀನು ಹೇಳು.

ಕಛೇರಿಗಳು ವರ್ಷವಿಡೀ ಸಮನಾಗಿಯೂ ಬರುವುದಿಲ್ಲ. ಬೆಂಗಳೂರಿನಲ್ಲಿ ರಾಮನವಮಿ ಬಂದರೆ ಕೈಗೆ ಬಿಡುವಿರುವುದಿಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಉತ್ಸವ 1939ರಿಂದ ನಡೆದುಕೊಂಡು ಬಂದಿದೆ, ಅದರ ಜೊತೆಗೆ ಬಡಾವಣೆಗೊಂದು ಮಂಡಳಿ. ಗಣಪತಿ ಹಬ್ಬಕ್ಕೆ ನಮ್ಮ ಮೈಸೂರಿನ ಎಂಟನೇ ಕ್ರಾಸ್‌ನ ಸಂಗೀತೋತ್ಸವ, ಆಮೇಲೆ ದಸರಾ, ಡಿಸೆಂಬರಿಗೆ ಚೆನ್ನೈ. ನಡುವಿನ ಖಾಲಿ ತಿಂಗಳುಗಳಲ್ಲೂ ಬಾಡಿಗೆ ಕಟ್ಟಲೇಬೇಕು.

ಇನ್ನು ಹೆಣ್ಣುಮಗಳು ಅನ್ನುವ ವಿಷಯ. 'ಹುಡುಗಿ ಕೈಗೆ ತೂಕ ಇರಲ್ಲ' ಅನ್ನುವ ಮಾತು ನಿನ್ನ ಕಿವಿಗೂ ಬಿದ್ದಿದೆ. ತಿರುಗೋಕರ್ಣಂ ರಂಗನಾಯಕಿ ಅಮ್ಮಾಳ್ ಕಳೆದ ಶತಮಾನದ ಮೊದಲರ್ಧದಲ್ಲೇ ಮೃದಂಗ ನುಡಿಸಿ ತೋರಿಸಿದ್ದರು, ಆದರೂ ಈ ಮಾತು ನಿಂತಿಲ್ಲ. ಮೃದಂಗದ ದಿಗ್ಗಜ ಪಾಲ್ಘಾಟ್ ಮಣಿ ಅಯ್ಯರ್ ಅಂಥವರೇ ಬಹಳ ಕಾಲ ಗಾಯಕಿಯರಿಗೆ ಪಕ್ಕವಾದ್ಯ ನುಡಿಸಲಿಲ್ಲ. ಗಾಯಕಿ ಡಿ.ಕೆ. ಪಟ್ಟಮ್ಮಾಳ್ ಅವರಿಗಾಗಿ ಆ ಕಟ್ಟು ಸಡಿಲಿಸಿದರು. ಅಷ್ಟು ದೊಡ್ಡವರೂ ಬದಲಾದರು ಅನ್ನುವುದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಅವರ ವಾದ್ಯಕ್ಕೂ ಗೌರವ ಸುಲಭಕ್ಕೆ ಬಂದದ್ದಲ್ಲ ನೋಡು. 1928ರಲ್ಲಿ ಶುರುವಾದ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಮೃದಂಗದವರೊಬ್ಬರಿಗೆ ಮೊದಲ ಬಾರಿ ಸಂಗೀತ ಕಲಾನಿಧಿ ಬಿರುದು ಕೊಟ್ಟದ್ದು 1966ರಲ್ಲಿ, ಇದೇ ಮಣಿ ಅಯ್ಯರ್ ಅವರಿಗೆ.

ನಿನಗೆ ದಾರಿ ತೋರುವವರು ನೀನಿರುವ ಬೆಂಗಳೂರಿನಲ್ಲೇ ಇದ್ದಾರೆ. ಘಟಂ ಹೆಣ್ಣುಮಕ್ಕಳ ಬೆರಳಿಗಲ್ಲ ಅನ್ನುತ್ತಿದ್ದ ಕಾಲದಲ್ಲಿ ಸುಕನ್ಯಾ ರಾಮಗೋಪಾಲ್, ಘಟಂ ವಿದ್ವಾಂಸ ವಿಕ್ಕು ವಿನಾಯಕರಾಮ್ ಅವರ ತಂದೆ ಹರಿಹರ ಶರ್ಮರ ಬಳಿ ಕಲಿತರು. ಹೆಂಗಸಿನ ಪಕ್ಕ ಕೂತು ನುಡಿಸಲು ಒಪ್ಪದ ಮೃದಂಗದವರನ್ನು ಕಂಡರು. ಸುಕನ್ಯಾ ಆಮೇಲೆ ಏನು ಮಾಡಿದರು ಅನ್ನುವುದೇ ನನಗೆ ಮುಖ್ಯ. ಬೇರೆ ಬೇರೆ ಶ್ರುತಿಯ ಘಟಗಳನ್ನು ಸುತ್ತ ಇಟ್ಟುಕೊಂಡು 'ಘಟ ತರಂಗ' ನುಡಿಸಿದರು. ಹೆಂಗಸರದೇ 'ಸ್ತ್ರೀ ತಾಳ್ ತರಂಗ್' ತಂಡ ಕಟ್ಟಿದರು. ಪಕ್ಕದಲ್ಲಿ ಜಾಗ ಕೊಡಲಿ ಅಂತ ಕಾಯದೆ ವೇದಿಕೆಯ ನಡುವೆ ಕೂತರು. ನಿನ್ನದೇ ಕೆಲಸ ಕಟ್ಟಿಕೋ ಅಂದದ್ದು ಇಂಥದ್ದನ್ನೇ. ಲಯವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನ ಶುರುವಾದ ಕೂಡಲೇ ಕಾಫಿಗೆ ಏಳುವವರನ್ನು ನೋಡಿ ನನಗೆ ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಕಛೇರಿಯಲ್ಲಿ ನಿನ್ನದು ಅಂತ ಇರುವುದೇ ಆ ಸ್ವಲ್ಪ ಹೊತ್ತು! ಲಯವನ್ನೇ ಕೇಳಲು ಬರುವ ಜನರನ್ನು ನೀವೇ ಹುಟ್ಟಿಸಬೇಕು.

ಪಾಠ ಹೇಳುವುದನ್ನು ಎರಡನೇ ದರ್ಜೆಯ ಕೆಲಸ ಅಂತ ನಿನ್ನ ಸ್ನೇಹಿತರು ಅಂದುಕೊಂಡಿರಬಹುದು. ನಾನು ಒಪ್ಪುವುದಿಲ್ಲ. ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತೆರೆದರು. ಅಲ್ಲಿಂದಲೇ ಅವರ ತಂಡ ಹೊರದೇಶದ ಜಾಜ಼್ ಕಲಾವಿದರ ಜೊತೆ ನುಡಿಸುವವರೆಗೂ ಹೋಯಿತು. ನಿನ್ನ ಬಾಯಲ್ಲಿ ಕೊನ್ನಕ್ಕೋಲು, ಅಂದರೆ ಮೃದಂಗದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದು, ತುಂಬಾ ಸ್ಪಷ್ಟವಾಗಿದೆ, ಮೇಷ್ಟ್ರೂ ಅದನ್ನೇ ಹೇಳಿದರು. ಡ್ರಮ್ಸ್ ನುಡಿಸುವ ವಿದೇಶಿ ಹುಡುಗರು ಇವತ್ತು ಅದನ್ನು ಆನ್‌ಲೈನಿನಲ್ಲಿ ಹುಡುಕಿಕೊಂಡು ಬಂದು ಕಲಿಯುತ್ತಾರೆ. ವಾರಕ್ಕೆ ನಾಲ್ಕು ಶಿಷ್ಯರಿಂದ ಶುರುಮಾಡು. ಭರತನಾಟ್ಯದ ರಂಗಪ್ರವೇಶಗಳಿಗೂ ಹೋಗು. ರಿಹರ್ಸಲ್ ಜಾಸ್ತಿ, ಆದರೆ ದುಡ್ಡು ಸರಿಯಾಗಿ ಕೊಡುತ್ತಾರೆ. ಒಂದೇ ಎಚ್ಚರಿಕೆ: ಬೆಳಗಿನ ಸಾಧಕದ ಹೊತ್ತನ್ನು ಪಾಠಕ್ಕೂ ಕೊಡಬೇಡ, ನೃತ್ಯಕ್ಕೂ ಕೊಡಬೇಡ.

ಕೈ ನೋಯುತ್ತಿದ್ದರೆ ಮುಚ್ಚಿಡಬೇಡ ಕಂದ. ಬೆರಳಿನ ಗಂಟು, ಮಣಿಕಟ್ಟು, ಸೊಂಟ, ನಿನ್ನ ಬಂಡವಾಳ ಇಷ್ಟೇ. ನೋವಿನಲ್ಲೇ ನುಡಿಸುವುದನ್ನು ಶೌರ್ಯ ಅಂತ ಹೊಗಳುವವರು ಆಸ್ಪತ್ರೆಯ ಬಿಲ್ ಕಟ್ಟಲು ಬರುವುದಿಲ್ಲ.

ಮದುವೆ ಬಗ್ಗೆ ಕೇಳುವವರಿಗೆ ನಾನು ಉತ್ತರ ಕೊಟ್ಟುಕೊಳ್ಳುತ್ತೇನೆ. ಅದು ನಿನ್ನ ತಲೆಗೆ ಬೇಡ.

ಈಗ ಲೆಕ್ಕ. ಮೂರು ವರ್ಷ ನಿನ್ನ ಬಾಡಿಗೆ ನಮ್ಮದು. ಇದು ಸಾಲವಲ್ಲ, ತೀರಿಸುವ ಮಾತು ಎತ್ತಬೇಡ. ಊಟ, ಓಡಾಟ, ಮುಚ್ಚಿಗೆ ನಿನ್ನ ದುಡಿಮೆಯಿಂದಲೇ ನಡೆಯಲಿ. ಪ್ರತಿ ಕಛೇರಿಯ ದಿನಾಂಕ, ಒಪ್ಪಿದ ಸಂಭಾವನೆ, ಕೈಗೆ ಬಂದ ಸಂಭಾವನೆ, ಮೂರನ್ನೂ ಬರೆದಿಡು. ಎರಡನೆಯದೂ ಮೂರನೆಯದೂ ಬೇರೆ ಬೇರೆ ಆಗುವ ಕಡೆ ಮತ್ತೆ ಹೋಗಬೇಕೇ ಅಂತ ಆ ಪುಸ್ತಕವೇ ಹೇಳುತ್ತದೆ. ಸಂಭಾವನೆಯಲ್ಲೇ ತೆರಿಗೆ (ಟಿಡಿಎಸ್) ಹಿಡಿದವರಿಂದ ಪ್ರಮಾಣಪತ್ರ ಕೇಳಿ ತೆಗೆದುಕೋ, ರಿಟರ್ನ್ ನಾನು ಹಾಕಿಸುತ್ತೇನೆ. ನಿನಗೆ ಪೆನ್ಷನ್ ಇಲ್ಲ, ಆದ್ದರಿಂದ ಪಿಪಿಎಫ್ ಖಾತೆ ಈ ವರ್ಷವೇ ತೆರೆಯಬೇಕು. ವರ್ಷಕ್ಕೆ ಐನೂರು ರೂಪಾಯಿ ಕಟ್ಟಿದರೂ ಖಾತೆ ಜೀವಂತ ಇರುತ್ತದೆ.

ಆಕಾಶವಾಣಿಯ ಆಡಿಷನ್‌ಗೆ ಈ ಸಲ ಅರ್ಜಿ ಹಾಕು. ಮೊದಲು ಬಿ ಗ್ರೇಡ್ ಸಿಕ್ಕರೂ ಸಾಕು, ಬಿ ಹೈ, ಎ ಅಂತ ಮೇಲೇರಬಹುದು. ಸಭೆಯವರು ಅದನ್ನು ನೋಡುತ್ತಾರೆ. ಕೇಂದ್ರ ಸಂಸ್ಕೃತಿ ಸಚಿವಾಲಯ 18ರಿಂದ 25 ವರ್ಷದ ಯುವ ಕಲಾವಿದರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ವಿದ್ಯಾರ್ಥಿವೇತನ ಕೊಡುತ್ತದೆ. ಅದಕ್ಕೂ ನಿನ್ನ ವಯಸ್ಸು ಸರಿಯಾಗಿದೆ. ನಿನ್ನ ಸೀನಿಯರ್ ಮತ್ತು ವಿದ್ವತ್ ಪರೀಕ್ಷೆಯ ಅಂಕಪಟ್ಟಿಗಳ ಝೆರಾಕ್ಸ್ ಮಾಡಿಸಿ ಕೊರಿಯರ್‌ಗೆ ಹಾಕಿದ್ದೇನೆ. ಮೇಷ್ಟ್ರ ಶಿಫಾರಸು ಪತ್ರ ಒಂದು ಬಾಕಿ, ಅದನ್ನು ನೀನೇ ಹೋಗಿ ಕೇಳಿ ತೆಗೆದುಕೋ.

ನಿನ್ನ
ಅಮ್ಮ