ಪುಣೆದಾಗಿರೂ ದೋಸ್ತಗ: ಬುಧವಾರ ಸಂಜಿಗೆ ಒಂದು ಫೋನ್ ಮಾಡು

ದೋಸ್ತ,

ಹೋದ ವಾರ ನಿನ್ನ ಫೋನ್ ಎತ್ತಲಿಲ್ಲ ಅಂತ ಸಿಟ್ಟಾಗಿದ್ದಿ ಅಂತ ಮನ್ಯಾಗ ಹೇಳಿದ್ರು. ಎತ್ತಾಕ ಆಗಲಿಲ್ಲಪಾ. ಅದ ಹೊತ್ತಿಗೆ ಇಂಟರ್‌ವ್ಯೂ ರೂಢಿ ಮಾಡಸಾಕ ನಾ ಒಂದು ಖೋಲ್ಯಾಗ ಎಚ್‌ಆರ್, ಅಂದ್ರ ಕೆಲಸಕ್ಕ ಮಂದಿ ತಗೊಳ್ಳೂ ಸಾಹೇಬ, ಆಗಿ ಕುಂತಿದ್ದೆ, ಬಾಜೂ ಖೋಲ್ಯಾಗ ವಡಗಾವಿ ಮಗ್ಗದ ಕಾಕಾ ಒಬ್ರು ಕ್ಯಾಂಡಿಡೇಟ್ ಆಗಿ ಕುಂತಿದ್ರು, ಗ್ವಾಡಿ ಆಕಡೆ ಈಕಡೆ ಇಬ್ರೂ ಫೋನ್ನ್ಯಾಗ ಇಂಗ್ಲೀಷ್ ಮಾತಾಡಾಕತ್ತಿದ್ವಿ, ನಡುವ ನಿಂದು ಕಾಲ್. ನಾ ಏನರ ಅವಾಗ ಕಟ್ ಮಾಡಿ ನಿನ್ನ ಕೂಡ ಹರಟಿ ಹೊಡದಿದ್ರ ಆ ಕಾಕಾ ಮತ್ತ ಫೋನ್ ಮುಟ್ಟತಿರಲಿಲ್ಲ, ಅಷ್ಟು ಹೆದರಿದ್ರು.

ನಿಂಗ ಪೂರಾ ಹೇಳೇ ಇಲ್ಲ ನೋಡು. ಹೋದ ವರ್ಷ ದೀಪಾವಳಿ ಮುಗದ ಮ್ಯಾಲೆ ನಮ್ಮ ಓಣಿ ಗುಡಿ ಹಿಂದಿನ ಹಾಲ್‌ನ್ಯಾಗ ವಾರಕ್ಕ ಮೂರು ದಿನ ಸಂಜಿ 7ಕ್ಕ ಕ್ಲಾಸ್ ಚಾಲೂ ಮಾಡೀನಿ. ದೊಡ್ಡವರಿಗೆ ಇಂಗ್ಲೀಷ್, ಅದೂ ಕೆಲಸ ಹುಡುಕಾಕ ಎಷ್ಟು ಬೇಕೋ ಅಷ್ಟ. ಮೊದಲನೇ ದಿನ 22 ಮಂದಿ ಬಂದಿದ್ರು. ಉದ್ಯಮಬಾಗ್‌ದಾಗ ಮಶೀನ್ ಮ್ಯಾಲ ಕೆಲಸ ಮಾಡೂ ಹುಡುಗ್ರು, ಪಾವರ್‌ಲೂಮ್ ನಡಸಾಕ ಆಗದ ಬ್ಯಾರೆ ಕೆಲಸ ನೋಡೂ ನೇಕಾರ್ರು, ಮಕ್ಕಳು ದೊಡ್ಡವರಾದ್ವು ಇನ್ನ ನಾನೂ ನಾಕು ರೂಪಾಯಿ ದುಡೀಬೇಕು ಅನ್ನೂ ಅಕ್ಕಾರು. ಅರ್ಧ ಮಂದಿ ಮನ್ಯಾಗ ಕನ್ನಡ, ಅರ್ಧ ಮಂದಿ ಮರಾಠಿ. ಅದೇನ್ ತ್ರಾಸ ಆಗೂದಿಲ್ಲ, ಯಾಕಂದ್ರ ಎರಡೂ ಭಾಷಾದಾಗ ಕ್ರಿಯಾಪದ ಕಡೀಗೇ ಬರತೈತಿ. ‘ನಾ ಬೆಳಗಾವ್ಯಾಗ ಕೆಲಸ ಮಾಡ್ತೀನಿ’ ಅಂದ್ರೂ ಅಷ್ಟ, ‘ಮೀ ಬೆಳಗಾವಾತ ಕಾಮ ಕರತೊ’ ಅಂದ್ರೂ ಅಷ್ಟ, ಹಿಂಗಾಗಿ ಇಂಗ್ಲೀಷ್‌ನ್ಯಾಗ ಎಲ್ಲಾರೂ ಒಂದ ನಮೂನಿ ತಪ್ಪ ಮಾಡ್ತಾರ, ನಂಗ ತಿದ್ದೂದು ಒಂದ ಸಲ.

ಮೊದಲ ಒಂದೂವರಿ ತಿಂಗಳ ನಾ ಮಾಡಿದ್ದು ಬರೇ ಗೊಡ್ಡ ಕೆಲಸ. ಸಾಲ್ಯಾಗ ನಮಗ ಮಾಸ್ತರ ಹೆಂಗ ಕಲಿಸಿದ್ರೋ ಹಂಗ ಬೋರ್ಡ್ ಮ್ಯಾಲ ಟೆನ್ಸ್ ಬರದೆ, ಪಾಸ್ಟ್ ಪರ್ಫೆಕ್ಟ್ ಕಂಟಿನ್ಯುಅಸ್ ತನಕ ಹೋದೆ. 22 ಇದ್ದವ್ರು 9 ಮಂದಿಗೆ ಇಳದ್ರು. ಹಗಲೆಲ್ಲಾ ನಿಂತು ದುಡದು ಬಂದ ಮನಶ್ಯಾಗ ಹ್ಯಾಡ್ ಬೀನ್ ಯಾರಿಗೆ ಬೇಕಾಗೈತಿ ಹೇಳು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು ಆತು. ಫಿಟ್ಟರ್ ಐಟಿಐ ಮಾಡಿದ ಹುಡುಗ ಒಬ್ಬ ಇದ್ದ, 26 ವಯಸ್ಸು, ಕೈ ಭಾಳ ಛಲೋ. ಅವನ ಬಯೋಡಾಟಾ ನೋಡಿದೆ, ಡಿಟಿಪಿ ಅಂಗಡ್ಯಾಗ ಮಾಡಿಸಿದ್ದು, ಮ್ಯಾಲ ಗಣಪತಿ, ಕೆಳಗ ಅಪ್ಪನ ಹೆಸರು, ಜಾತಿ, ಎತ್ತರ, ಲಗ್ನ ಆಗೇತೋ ಇಲ್ಲೋ, ಹಾಬಿ ಅಂತ ಹೇಳಿ ‘ರೀಡಿಂಗ್ ಬುಕ್ಸ್’, ಕಡೀಗೆ ಪ್ಲೇಸ್ ಡೇಟ್. ಕನ್ಯಾ ನೋಡಾಕ ಹೋಗೂ ಕಾಗದನೂ ಅದ, ಕೆಲಸಕ್ಕ ಹೋಗೂ ಕಾಗದನೂ ಅದ. ಅವ ಆರು ವರ್ಷ ಏನೇನ್ ಮಾಡ್ಯಾನ ಅಂತ ಒಂದ ಒಂದು ಸಾಲು ಇರಲಿಲ್ಲ. ನಾ ಶಾಣ್ಯಾ ಆಗಾಕ ಹೋಗಿ ಒಂದು ರಾತ್ರಿ ಕುಂತು ಅವನ ರೆಸ್ಯೂಮ್ ಪೂರಾ ನಾನ ಬರದೆ. ‘ರಿಜಲ್ಟ್ ಓರಿಯೆಂಟೆಡ್’ ಅಂತ, ‘ಪ್ರೊಫಿಷಿಯಂಟ್ ಇನ್ ಪ್ರಿವೆಂಟಿವ್ ಮೆಂಟೇನನ್ಸ್’ ಅಂತ. ಓದಿದ್ರ ನಂಗ ಖುಷಿ ಆಗಬೇಕು, ಹಂಗ ಬರದೆ. ಇಂಟರ್‌ವ್ಯೂಕ ಕರದ್ರು. ಅಲ್ಲೆ ಎದರಿಗೆ ಕುಂತವ ಆ ಪ್ರೊಫಿಷಿಯಂಟ್ ಮ್ಯಾಲ ಬಟ್ಟ ಇಟ್ಟು ಇದರ ಅರ್ಥ ಏನಪಾ ಅಂತ ಕೇಳ್ಯಾನ. ಇವ ಸುಳ್ಳ ಹೇಳೂ ಪೈಕಿ ಅಲ್ಲ, ‘ಅದನ್ನ ಸರ್ ಬರದಾರ್ರಿ’ ಅಂದಾನ.

ಆಮ್ಯಾಗ ಕ್ಲಾಸಿಗೆ ಬರೂದ ಬಿಟ್ಟ. ಎರಡು ತಿಂಗಳ ಆದ ಮ್ಯಾಲೆ ಥರ್ಡ್ ಗೇಟ್ ಹತ್ರ ಚಾ ಅಂಗಡ್ಯಾಗ ಸಿಕ್ಕ. ನಾ ಏನ್ ಮಾತಾಡಬೇಕು ತಿಳೀದ ಸುಮ್ನ ನಿಂತಿದ್ದೆ, ಅವನೇ ಎರಡು ಕಟಿಂಗ್ ಚಾ ಹೇಳಿದ. ‘ಸರ್, ನೀವ್ ಬರದಿದ್ದು ಛಲೋನ ಇತ್ರಿ, ಅದು ನಂದಲ್ಲ ಅಷ್ಟ’ ಅಂದ. ನಿಂಗ ಯಾರರ ಹಿಂಗ ನಕ್ಕೋತ ಕಪಾಳಕ್ಕ ಹೊಡದಾರೇನು?

ಅವತ್ತಿಂದ ಒಂದು ನೇಮ. ಕಾಗದದಾಗಿನ ಯಾವ ಮಾತನ್ನರ ಅದರ ಮಾಲಕ ತನ್ನ ಬಾಯಿಲೆ ಕನ್ನಡದಾಗೋ ಮರಾಠ್ಯಾಗೋ ಬಿಡಿಸಿ ಹೇಳಬೇಕು, ಬರಲಿಲ್ಲಂದ್ರ ಆ ಮಾತು ಹೊಡದು ಹಾಕೂದು. ಹಂಗಾರ ಏನ್ ಬರೀಬೇಕು? ಅದನ್ನ ನಂಗ ಕಲಿಸಿದವ ಒಬ್ಬ ಸಿಎನ್‌ಸಿ, ಅಂದ್ರ ಕಂಪ್ಯೂಟರ್‌ಲೆ ನಡಿಯೂ ಮಶೀನಿನ, ಆಪರೇಟರ್. ಬಂದವನ ‘ಸರ್, ನಂಗ ಇಂಗ್ಲೀಷ್ ಒಂದಕ್ಷರ ಬರೂದಿಲ್ರಿ’ ಅಂದ. ಆತ ಬಿಡು, ನೀ ದಿನಾ ಏನ್ ಮಾಡ್ತಿ ಅದನ್ನ ಹೇಳು ಅಂದೆ. ಅವ ಹೇಳಿದ್ದು ಹಂಗ ಬರಕೊಂಡೀನಿ: ‘ಸೆಕೆಂಡ್ ಶಿಫ್ಟಿಗೆ ಹೋಗಿ ಮೊದಲ ಡ್ರಾಯಿಂಗ್ ನೋಡ್ತೀನ್ರಿ, ಪ್ರೋಗ್ರಾಮ್ ಸೆಲೆಕ್ಟ್ ಮಾಡಿ ಜಾಬ್ ಲೋಡ್ ಮಾಡ್ತೀನಿ, ಟೂಲ್ ಆಫ್‌ಸೆಟ್ ತಗೊಂಡು ಫಸ್ಟ್ ಪೀಸ್ ಹೊಡೀತೀನಿ, ಮೈಕ್ರೋಮೀಟರ್ ಹಿಡದು ಚೆಕ್ ಮಾಡ್ತೀನಿ, ಸೈಜ್ ಔಟ್ ಇದ್ರ ಇನ್ಸರ್ಟ್ ಚೇಂಜ್ ಮಾಡ್ತೀನ್ರಿ.’

ಎಣಸು. 17 ಇಂಗ್ಲೀಷ್ ಮಾತು. ಬೋರ್ಡ್ ಮ್ಯಾಲ ಬರದು ಒಂದೊಂದಕ್ಕ ಗೆರಿ ಎಳದು ತೋರಿಸಿದೆ, ಕ್ಲಾಸೆಲ್ಲಾ ನಕ್ತು. ಆಮ್ಯಾಲ ಇನ್ನೊಂದು ಮಾಡಿದೆ, ‘ಮಾಡ್ತೀನಿ’ ಅನ್ನೂದನ್ನೆಲ್ಲಾ ಒರಸಿ ಹಾಕಿ ಮುಂದ ಒಂದೊಂದು ‘ಐ’ ಕುಂಡ್ರಿಸಿದೆ, ಕೆಲಸದ ಮಾತು ನಡುವ ತಂದೆ. ಐ ಲೋಡ್ ದ ಜಾಬ್. ಐ ಚೆಕ್ ದ ಸೈಜ್. ಐ ಚೇಂಜ್ ದ ಇನ್ಸರ್ಟ್. ನಾವು ದಿನಾ ಆಡೂ ಲೋಡ್ ಮಾಡು, ಚೆಕ್ ಮಾಡು, ಫೋನ್ ಮಾಡು ಇವೆಲ್ಲಾದರಾಗ ಇಂಗ್ಲೀಷ್ ಮೊದಲ ಐತಿ, ನಮ್ಮ ‘ಮಾಡು’ ಬಿಚ್ಚಿ ಬಾಜೂಕಿಟ್ರ ಆತು. ಮೈಕ್ರೋಮೀಟರ್ ಎಷ್ಟರ ತನಕ ಓದತೈತಿ ಅಂದೆ, ಪಾಯಿಂಟ್ ಜೀರೋ ಒನ್ ಎಂಎಂ ಅಂತ ಟಪ್ಪನ ಅಂದ. ಅದೂ ರೆಸ್ಯೂಮ್‌ಗೆ ಹೋತು. 0.01 ಮಿಲಿಮೀಟರ್ ತನಕ ಅಳೀತೀನಿ ಅನ್ನೂದು ‘ಹಾರ್ಡ್‌ವರ್ಕಿಂಗ್’ ಅನ್ನೂದಕ್ಕಿಂತ ತೂಕದ ಮಾತು, ಹೌದಲ್ಲ?

ಆದ್ರ ಮಶೀನ್ ಹುಡುಗರ ಕತಿ ಸಸಾರ. ಅಕ್ಕಾರ ಮುಂದ ಇದೇನೂ ನಡೀಲಿಲ್ಲ. ಒಬ್ಬ ಅಕ್ಕಾರು ಎಕ್ಸ್‌ಪೀರಿಯನ್ಸ್ ಅನ್ನೂ ಕಡೆ ‘ನಿಲ್’ ಅಂತ ಬರದು ಕುಂತಿದ್ರು. ಏನೂ ಮಾಡಿಲ್ಲೇನ್ರಿ ಅಂದ್ರ ‘ಏನೂ ಇಲ್ರಿ, ಮನೀ ಕೆಲಸ ಅಷ್ಟ’. ಆಮ್ಯಾಲ ಮಾತಿಗೆ ಮಾತು ಬಂದು ಒಂದಿನ ಲಗೂ ಹೋಗ್ಬೇಕ್ರಿ ಇವತ್ತ ಸಂಘದ ಮೀಟಿಂಗ್ ಐತಿ ಅಂದ್ರು. ಯಾವ ಸಂಘ? ಹೆಣ್ಮಕ್ಕಳ ಸ್ವಸಹಾಯ ಸಂಘ, 15 ಮಂದಿ, 11 ವರ್ಷದಿಂದ ಲೆಕ್ಕದ ಪುಸ್ತಕ ಇವರ ಕಡೇನ. ವಾರದ ಉಳಿತಾಯ ಇಸಗೊಳ್ಳೂದು, ಸಾಲ ಕೊಟ್ಟದ್ದು ಬಡ್ಡಿ ಸಮೇತ ವಸೂಲಿ, ನಡಾವಳಿ ಬರಿಯೂದು, ಬ್ಯಾಂಕಿಗೆ ಹೋಗಿ ರೊಕ್ಕ ತುಂಬಿ ಪಾಸ್‌ಬುಕ್ ಹೊಡಿಸಿಕೊಂಡು ಬರೂದು. ಆ ಪುಸ್ತಕ ತರಿಸಿ ನೋಡಿದ್ನಿ ದೋಸ್ತ, ನಾ ಇಷ್ಟು ವರ್ಷ ಅಕೌಂಟ್ಸ್‌ನ್ಯಾಗ ಅದೀನಿ, ನನ್ನ ಲೆಡ್ಜರ್ ಅಷ್ಟು ಸ್ವಚ್ಛ ಇಲ್ಲ. ಇದು ಎಕ್ಸ್‌ಪೀರಿಯನ್ಸ್ ಅಲ್ಲೇನ್ರಿ ಅಂದ್ರ, ‘ಅದಕ್ಕ ಪಗಾರ ಇಲ್ಲಲ್ರಿ’ ಅಂದ್ರು.

ಅದನ್ನ ಒಪ್ಪಸಾಕ ಮೂರು ಕ್ಲಾಸ್ ಹೋತು, ಇಂಗ್ಲೀಷ್ ಮಾಡಾಕ ಹತ್ತು ಮಿನಿಟ್. ಐ ಕೀಪ್ ದ ಅಕೌಂಟ್ಸ್ ಆಫ್ 15 ವಿಮೆನ್. ಐ ಕಲೆಕ್ಟ್ ಕ್ಯಾಶ್ ಎವ್ರಿ ವೀಕ್. ಇಷ್ಟ.

ಬಾಕಿದ್ದು ಬಡಾಬಡಾ ಹೇಳ್ತೀನಿ. ಎಲ್ಲಾರಿಗೂ ಒಂದೊಂದು ಮರ್ಯಾದಸ್ತ ಇಮೇಲ್ ಐಡಿ ಮಾಡಿಸೀನಿ, ಒಬ್ಬಂದು ‘ಬೆಳಗಾವಿ ಟೈಗರ್’ ಅಂತ ಇತ್ತು. ಪಾಸ್‌ವರ್ಡ್ ಮರೀತಾರ ಅಂತ ರೇಷನ್ ಕಾರ್ಡಿನ ಹಿಂದ ಬರದಿಟ್ಟಾರ, ಬೈದು ಬೈದು ಸಾಕಾಗೇತಿ. ನ್ಯಾಷನಲ್ ಕರಿಯರ್ ಸರ್ವಿಸ್ ಅಂತ ಕೇಂದ್ರ ಸರ್ಕಾರದ ಪೋರ್ಟಲ್ 2015ರಿಂದ ಐತಿ, ಹೆಸರು ಹಚ್ಚಾಕ ರೊಕ್ಕ ಇಲ್ಲ, ನಮ್ಮ ರಾಜ್ಯದ್ದು ಸ್ಕಿಲ್ ಕನೆಕ್ಟ್ ಅಂತ ಐತಿ, ಎರಡರಾಗೂ ಹಚ್ಚಿಸೀನಿ. ಜಾಹೀರಾತು ಓದೂದು ಒಂದು ದಿನದ ಪಾಠ: ಫ್ರೆಶರ್ ಅಂದ್ರ ಅನುಭವ ಇಲ್ದವ, ಇಮ್ಮಿಡಿಯೆಟ್ ಜಾಯ್ನರ್ ಅಂದ್ರ ಕೂಡ್ಲೆ ಹಾಜರಾಗಾವ, ರೊಟೇಷನಲ್ ಶಿಫ್ಟ್ ಅಂದ್ರ ಪಾಳಿ ಬದಲಾಗ್ಕೋತ ನೈಟ್‌ನೂ ಬರಬಹುದು ಅಂತ. ‘ವಾಕ್-ಇನ್’, ಅಂದ್ರ ಮೊದಲ ಹೇಳದ ನೇರ ಹೋಗೂ ಇಂಟರ್‌ವ್ಯೂ, ಅನ್ನೂ ಮಾತು ಬಂದಾಗ ಮಗ್ಗದ ಕಾಕಾ ಕೈ ಎತ್ತಿ ‘ಗಾಡಿ ಮ್ಯಾಲ ಹೋದ್ರ ನಡೀತೈತೇನ್ರಿ’ ಅಂದ್ರು. ಇವತ್ತಿಗೂ ಅದು ಖರೇ ಕೇಳಿದ್ರೋ ಚ್ಯಾಷ್ಟಿ ಮಾಡಿದ್ರೋ ನಂಗ ಗೊತ್ತಾಗಿಲ್ಲ.

ಸಿಟಿಸಿ, ಅಂದ್ರ ಒಬ್ಬ ನೌಕರನ ಮ್ಯಾಲ ಕಂಪನಿ ಮಾಡೂ ಒಟ್ಟು ಖರ್ಚು, ಆ ಪಾಠಕ್ಕ ಮಾತ್ರ ಎಲ್ಲಾರೂ ಕಿವಿ ಅಗಲ ಮಾಡಿ ಕುಂತಿದ್ರು. ಬೋರ್ಡ್ ಮ್ಯಾಲ ಬರದೆ: ಬೇಸಿಕ್ 12,000, ಅಲೋವನ್ಸ್ 4,000, ಕೂಡಿ 16,000. ಇದರ ಮ್ಯಾಲ ಕಂಪನಿ ತನ್ನ ಪಾಲಿಂದು ಪಿಎಫ್ ಶೇ 12 ಅಂದ್ರ 1,440, ಇಎಸ್‌ಐ ಶೇ 3.25 ಅಂದ್ರ 520 ಹಿಡದು ಸಿಟಿಸಿ 17,960 ಅಂತ ತೋರಸ್ತೈತಿ. ನಿಮ್ಮ ಪಾಲಿಂದು ಪಿಎಫ್ ಮತ್ತ 1,440, ಇಎಸ್‌ಐ ಶೇ 0.75 ಅಂದ್ರ 120 ಮುರದು ಕೈಗೆ ಬರೂದು 14,440. ಹಿಂಗಂದ ಕೂಡ್ಲೆ ಹಿಂದಿನ ಸಾಲಿನಿಂದ ಒಬ್ಬ ‘ಅಂದ್ರ 3,520 ಎಲ್ಲಿ ಹೋತ್ರಿ’ ಅಂತ ನನ್ನ ಮ್ಯಾಲ ಬಂದ, ನಾನ ತಿಂದಂಗ. ಎಲ್ಲೂ ಹೋಗಿಲ್ಲಪಾ, ಪಿಎಫ್ ನಿನ್ನ ಹೆಸರಿಗೇ ಜಮಾ ಆಗತೈತಿ, ಇಎಸ್‌ಐ ದವಾಖಾನಿಗೆ ಅಂತ ತಿಳಿಸಿದೆ. ಆದ್ರ ಇಂಟರ್‌ವ್ಯೂದಾಗ ‘ಇನ್ ಹ್ಯಾಂಡ್ ಎಷ್ಟು ಸರ್’ ಅಂತ ಕೇಳೂದು ಅವತ್ತಿಂದ ಎಲ್ಲಾರಿಗೂ ಬಾಯಿಪಾಠ ಆಗೇತಿ. ಹೌ ಮಚ್ ಇನ್ ಹ್ಯಾಂಡ್, ಸರ್. ವ್ಯಾಕರಣ ಸುಡಗಾಡಿಗೆ ಹೋಗಲಿ, ತಿಳೀತೈತಿ.

ಇನ್ನೊಂದು. ಒಬ್ಬ ಹುಡಗಿ ಫೋನಿಗೆ ವಿಮಾನ ನಿಲ್ದಾಣದಾಗ ಕೆಲಸ ಅಂತ ಆಫರ್ ಲೆಟರ್ ಬಂದಿತ್ತು, ಯೂನಿಫಾರ್ಮ್‌ಗೆ 2,650 ತುಂಬು, ‘ರಿಫಂಡೇಬಲ್’ ಅಂತ. ಮನ್ಯಾಗ ಪೇಢೆ ಹಂಚಿದ್ರು. ಕ್ಲಾಸಿನ್ಯಾಗ ಎಲ್ಲಾರೂ ಕೂಡಿ ಒಂದೊಂದ ಸಾಲು ಓದಿದ್ವಿ. ನಾ ಬಾಯಿ ತೆರಿಯೂದಕ್ಕಿಂತ ಮೊದಲ ಆಕೀನ ಅಂದ್ಲು, ‘ಸರ್, ಇದರಾಗ ಡಿಯರ್ ಕ್ಯಾಂಡಿಡೇಟ್ಸ್ ಅಂತ ಐತ್ರಿ, ನನ್ನ ಹೆಸರ ಇಲ್ಲ’. ಎಸ್ ಹಚ್ಚಿದ್ರ ಭಾಳ ಮಂದಿ ಅಂತ ಅದರ ಹಿಂದಿನ ವಾರ ಕಲಿಸಿದ್ದೆ. ರೊಕ್ಕ ತುಂಬಲಿಲ್ಲ. ಆಕೀ ಗೆಳತಿ ಮೊದಲ ತುಂಬಿದ್ಲಂತ, ಆಕೀ ಕಡಿಂದ ಸೈಬರ್ ಸಹಾಯವಾಣಿ 1930ಕ್ಕ ಫೋನ್ ಮಾಡಿಸಿದ್ವಿ, ರೊಕ್ಕ ಇನ್ನ ಬಂದಿಲ್ಲ.

ಖರೇ ಹೇಳಬೇಕಂದ್ರ ಇವರಿಗೆ ಎಲ್ಲಕ್ಕಿಂತ ಅಂಜಿಕಿ ಫೋನಿಂದು. ಎದರಿಗೆ ಮನಶಾ ಇದ್ರ ಮುಖ ನೋಡಿ ಅರ್ಧ ತಿಳಕೋತಾರ, ಫೋನ್ನ್ಯಾಗ ಬೆಂಗಳೂರಿಂದೋ ನಿಮ್ಮ ಪುಣೆಯಿಂದೋ ಯಾವಕೀನೋ ಫಟಾಫಟ್ ಇಂಗ್ಲೀಷ್ ಹೊಡದ್ಲಂದ್ರ ‘ಹಲೋ, ಹಲೋ’ ಅಂದು ಕಟ್ ಮಾಡಿ ನೆಟ್‌ವರ್ಕ್ ಇರಲಿಲ್ಲ ಅಂತಾರ. ಅದಕ್ಕ ಎಲ್ಲಾದಕ್ಕಿಂತ ಮೊದಲ ಕಲಿಸೂ ಮಾತು ಈಗ ಒಂದ: ‘ಕುಡ್ ಯು ಪ್ಲೀಸ್ ರಿಪೀಟ್ ದ್ಯಾಟ್’, ಇನ್ನೊಮ್ಮೆ ಹೇಳ್ತೀರೇನ್ರಿ ಅಂತ. ಸಂಘದ ಅಕ್ಕಾರು ಅದನ್ನ ಹಳೇ ಕ್ಯಾಲೆಂಡರಿನ ಹಿಂದ ಕನ್ನಡ ಅಕ್ಷರದಾಗ ದೊಡ್ಡದಾಗಿ ಬರದು ಗ್ಯಾಸಿನ ಮ್ಯಾಲಿನ ಗ್ವಾಡಿಗೆ ಅಂಟಿಸಿದ್ರು. ದವಾಖಾನಿ ಬಿಲ್ಲಿಂಗ್ ಕೌಂಟರಿನ ಕೆಲಸಕ್ಕ ಅರ್ಜಿ ಹಾಕಿದ್ರು, ಒಂದು ತಿಂಗಳ ಸುದ್ದಿ ಇಲ್ಲ, ಆಮ್ಯಾಲ ಒಂದಿನ ಮುಂಜಾನೆ ರೊಟ್ಟಿ ಬಡಿಯೂವಾಗ ಫೋನ್ ಬಂತಂತ. ಕೈಯೆಲ್ಲಾ ಹಿಟ್ಟು, ಮಗಳು ಫೋನ್ ಕಿವಿಗೆ ಹಿಡದಾಳ, ಇವ್ರು ಗ್ವಾಡಿ ನೋಡ್ಕೋತ ಎರಡ ಸಲ ಅದನ್ನ ಅಂದಾರ, ಮೂರನೇ ಸಲಕ್ಕ ಆಕಡೆಯಾಕಿ ಸಾವಕಾಶ ಹೇಳ್ಯಾಳ. ಇಂಟರ್‌ವ್ಯೂದಾಗ ‘ಸಂಜಿಗೆ ಕ್ಯಾಶ್ ಕಡಿಮಿ ಬಂದ್ರ ಏನ್ ಮಾಡ್ತೀರಿ’ ಅಂತ ಇಂಗ್ಲೀಷ್‌ನ್ಯಾಗ ಕೇಳಿದ್ರಂತ. ‘ಫಸ್ಟ್ ಐ ಕೌಂಟ್ ಅಗೇನ್. ದೆನ್ ಐ ಚೆಕ್ ಬುಕ್. ದೆನ್ ಐ ಟೆಲ್ ಮೇಡಮ್. ಐ ಡೋಂಟ್ ಹೈಡ್.’ ಹೋದ ತಿಂಗಳ ಒಂದನೇ ತಾರೀಖಿಗೆ ಹಾಜರಾಗ್ಯಾರ. ಕ್ಲಾಸಿಗೆ ಬರೂದು ಬಿಟ್ಟಾರ, ಪುರುಸೊತ್ತ ಇಲ್ಲಂತ.

ಈಗ ನಿನ್ನ ಪಾಳಿ. ಮಗ್ಗದ ಕಾಕಾಗ 47 ವಯಸ್ಸು, ಮನ್ಯಾಗಿನ ಎರಡು ಮಗ್ಗ ಗುಜರಿಗೆ ಹಾಕ್ಯಾರ, ಸ್ಟೋರ್ ಅಸಿಸ್ಟಂಟ್ ಕೆಲಸಕ್ಕ ಅರ್ಜಿ ಹಾಕ್ಯಾರ. ನನ್ನ ದನಿ ಅವರಿಗೆ ರೂಢಿ ಆಗೇತಿ, ಹೋದ ವಾರ ಹೆದರಿದವ್ರು ಈಗ ನಾ ಎಚ್‌ಆರ್ ಆದ್ರ ನಗ್ತಾರ. ನೀ ದಿನಾ ಮಂದೀನ ಇಂಟರ್‌ವ್ಯೂ ಮಾಡಾವ, ಬುಧವಾರ ಸಂಜಿ 7:15ಕ್ಕ ಅವರಿಗೆ ಫೋನ್ ಮಾಡು, ನಂಬರ್ ಬ್ಯಾರೆ ಕಳಸ್ತೀನಿ. ನನ್ನ ದೋಸ್ತ ಅಂತ ಹೇಳಬ್ಯಾಡ, ಕನ್ನಡ ಬರತೈತಿ ಅಂತನೂ ತೋರಸಬ್ಯಾಡ. ನೂಲಿನ ಲೆಕ್ಕ ಹೆಂಗ ಇಡತಿದ್ರಿ, ಬೀಮ್, ಅಂದ್ರ ಮಗ್ಗದ ನೂಲು ಸುತ್ತಿದ ಉರುಳಿ, ಯಾವಾಗ ತರಸತಿದ್ರಿ ಅಂತ ಕೇಳು, ಅದರಾಗ ಅವರನ್ನ ಯಾರೂ ಹಿಡಿಯಾಕ ಆಗೂದಿಲ್ಲ. ಸುಮ್ನಾದ್ರಂದ್ರ ಗಡಬಡಿ ಮಾಡಬ್ಯಾಡ, ಹತ್ತು ಎಣಸು. ಅವರೂ ಆ ‘ರಿಪೀಟ್’ ಮಾತು ಗ್ವಾಡಿಗೆ ಅಂಟಿಸ್ಯಾರ, ಅದನ್ನ ಹುಡುಕತಿರತಾರ.

ಮನ್ಯಾಗ ಎಲ್ಲಾರನ್ನೂ ಕೇಳಿದೆ ಅಂತ ಹೇಳು. ಕುಂದಾ ಕಳಸೂದು ಬುಧವಾರ ಆದ ಮ್ಯಾಲೆ.

ನಿನ್ನ ದೋಸ್ತ,
ಬೆಳಗಾವಿ